ತದ್ವಿದ್ಯಸಂಭಾಷೆಯಿಂದ ವೈದ್ಯ ಪರಿಷತ್ತಿನವರೆಗೆ: ಹಾವೇರಿ ಸೀಮೆಯ ವೈದ್ಯರ ಪರಸ್ಪರ ಸಹಕಾರ

ಧರ್ಮಸಾಧನೆಗೆ ಮೊದಲ ಉಪಕರಣ ಶರೀರ. ಅದು ಕೆಟ್ಟರೆ ಪೂಜೆಯೂ ಕೆಡುವುದು, ಕಾಯಕವೂ ಕೆಡುವುದು. ಆದುದರಿಂದಲೇ ನಮ್ಮ ನಾಡಿನಲ್ಲಿ ವೈದ್ಯವಿದ್ಯೆಯು ಧರ್ಮದಿಂದ ದೂರ ನಿಂತ ಬರಿಯ ಹೊಟ್ಟೆಪಾಡಿನ ವಿದ್ಯೆಯಾಗಿ ಬೆಳೆಯಲಿಲ್ಲ. ಆದರೆ ಈ ವಿದ್ಯೆಯ ಇತಿಹಾಸವನ್ನು ಬರೆದವರು ಗ್ರಂಥಗಳನ್ನು ಎಣಿಸಿದ್ದಾರೆ, ಆಶ್ರಯ ನೀಡಿದ ಅರಸರನ್ನು ಹೆಸರಿಸಿದ್ದಾರೆ, ಕವಿಗಳ ಕಾಲನಿರ್ಣಯ ಮಾಡಿದ್ದಾರೆ. ವೈದ್ಯನು ತನ್ನ ಸಂಶಯವನ್ನು ಯಾರ ಮುಂದೆ ತೋಡಿಕೊಂಡನು, ತನ್ನಲ್ಲಿಲ್ಲದ ಮೂಲಿಕೆಯನ್ನು ಯಾರಿಂದ ಪಡೆದನು, ತನ್ನ ಕೈಮೀರಿದ ರೋಗಿಯನ್ನು ಯಾರ ಬಳಿಗೆ ಕಳುಹಿಸಿದನು, ಕಾನೂನು ತನ್ನನ್ನು ಪ್ರಶ್ನಿಸಿದಾಗ ಯಾರ ಜೊತೆಗೆ ನಿಂತನು ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಅತ್ಯಲ್ಪ. ವಿದ್ಯೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಪ್ರಶ್ನೆಗಳ ಮೇಲೆಯೇ ನಿಂತಿದೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಸೀಮೆಯನ್ನು ಮುಂದಿಟ್ಟುಕೊಂಡು ಈ ಪರಸ್ಪರ ಸಹಕಾರದ ಎಳೆಯನ್ನು ಹಿಡಿದು ನಡೆದರೆ, ಕರ್ನಾಟಕದ ವೈದ್ಯ ಇತಿಹಾಸದ ಒಂದು ಮರೆಯಾದ ಮುಖವು ಕಾಣಸಿಗುತ್ತದೆ.

ಸೀಮೆಯ ಸ್ವರೂಪ

ಈ ಮೂರು ಪಟ್ಟಣಗಳೂ ಹಳೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಅವು ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದವು. ೧೯೯೭ರಲ್ಲಿ ಹಾವೇರಿ ಜಿಲ್ಲೆ ರೂಪುಗೊಂಡಿತು. ಪಶ್ಚಿಮಕ್ಕೆ ಹಾನಗಲ್ಲು ಮಲೆನಾಡಿನ ಸೆರಗು; ಪೂರ್ವಕ್ಕೆ ರಾಣೇಬೆನ್ನೂರಿನ ಬಯಲು ತುಂಗಭದ್ರೆಯವರೆಗೆ ಹಬ್ಬಿದೆ. ವರದಾ ಮತ್ತು ಕುಮುದ್ವತಿ ನದಿಗಳು ಈ ನೆಲವನ್ನು ಹಾದು ತುಂಗಭದ್ರೆಯನ್ನು ಸೇರುತ್ತವೆ. ಮಲೆನಾಡಿನ ತೊಗಟೆ, ಕಾಯಿ, ಬೇರುಗಳು ಒಂದು ಕಡೆಗೆ. ಬಯಲಿನ ಉತ್ತರಾಣಿ, ತುಂಬೆ, ಲೋಳೆಸರ, ಅಮೃತಬಳ್ಳಿಗಳು ಇನ್ನೊಂದು ಕಡೆಗೆ. ಅಳಲೆ, ತಾರೆ, ನೆಲ್ಲಿ ಈ ಮೂರನ್ನು ಕೂಡಿಸಿದರೆ ತ್ರಿಫಲವಾಗುತ್ತದೆ. ಆದರೆ ಬಯಲಿನ ವೈದ್ಯನಿಗೆ ಈ ಮೂರೂ ತನ್ನ ಹಿತ್ತಿಲಲ್ಲಿ ದೊರೆಯುವುದಿಲ್ಲ. ಹೀಗೆ ಒಬ್ಬರಿಗೆ ಇನ್ನೊಬ್ಬರು ಬೇಕಾದ ಸ್ಥಿತಿಯನ್ನು ನೆಲವೇ ನಿರ್ಮಿಸಿಟ್ಟಿತ್ತು.

ವ್ಯಾಪಾರವೂ ಇದಕ್ಕೆ ಒದಗಿಬಂದಿತು. ಹಾವೇರಿಯು ಏಲಕ್ಕಿಗೆ ಹೆಸರಾದ ಊರು. ಮಲೆನಾಡಿನಲ್ಲಿ ಬೆಳೆದ ಏಲಕ್ಕಿಯನ್ನು ಇಲ್ಲಿಗೆ ತಂದು, ಬಾವಿಯ ನೀರಿನಲ್ಲಿ ಅಂಟುವಾಳದಿಂದ ತೊಳೆದು, ಬಿಳುಪು ಮಾಡಿ ಮಾರುತ್ತಿದ್ದರು. ಇಂದಿಗೂ ಹಾವೇರಿಯ ಏಲಕ್ಕಿ ಮಾಲೆಯು ಗೌರವದ ಸಂಕೇತವಾಗಿ ಸಭೆಗಳಲ್ಲಿ ಕಾಣುತ್ತದೆ. ಬ್ಯಾಡಗಿಯ ಮೆಣಸಿನಕಾಯಿಯ ಕೀರ್ತಿಯನ್ನಂತೂ ಹೇಳಬೇಕಾಗಿಲ್ಲ; ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಸಂಬಾರದ ವ್ಯಾಪಾರವಿದ್ದಲ್ಲಿ ಔಷಧಿಯ ವ್ಯಾಪಾರವೂ ಇರುವುದು ಸಹಜ. ಹಿಪ್ಪಲಿ, ಶುಂಠಿ, ಜ್ಯೇಷ್ಠಮಧು, ಲವಂಗ ಮೊದಲಾದವು ಅಡುಗೆಮನೆಗೂ ವೈದ್ಯನ ಪೆಟ್ಟಿಗೆಗೂ ಒಂದೇ ಗ್ರಂಧಿಗೆ ಅಂಗಡಿಯಿಂದ ಹೋಗುತ್ತಿದ್ದವು.

ಶಾಸ್ತ್ರದ ಆಧಾರ

ಸಮಾನವಿದ್ಯರು ಕೂಡಿ ಮಾತನಾಡಬೇಕೆಂಬುದು ಆಯುರ್ವೇದಕ್ಕೆ ಹೊಸ ವಿಚಾರವಲ್ಲ. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ಇದಕ್ಕೆ ತದ್ವಿದ್ಯಸಂಭಾಷೆ ಎಂದು ಹೆಸರಿಟ್ಟಿದೆ. ಒಂದೇ ವಿದ್ಯೆಯನ್ನು ಬಲ್ಲವರು ಕೂಡಿ ಮಾತನಾಡುವುದರಿಂದ ಜ್ಞಾನವು ಬೆಳೆಯುತ್ತದೆ, ಸಂಶಯವು ಹರಿಯುತ್ತದೆ, ಸಂಶಯವಿಲ್ಲದ ಕಡೆಗೆ ನಿಶ್ಚಯವು ದೃಢವಾಗುತ್ತದೆ, ಹಿಂದೆ ಕೇಳದಿದ್ದ ವಿಷಯವು ಕಿವಿಗೆ ಬೀಳುತ್ತದೆ ಎಂಬುದು ಆ ಅಧ್ಯಾಯದ ಅಭಿಪ್ರಾಯ. ಅಲ್ಲಿ ಒಂದು ಸೂಕ್ಷ್ಮವಾದ ಮಾತೂ ಇದೆ. ಗುರುವು ಮೆಚ್ಚಿದ ಶಿಷ್ಯನಿಗೆ ಮಾತ್ರ ಗುಟ್ಟಾಗಿ ಹೇಳಿಕೊಟ್ಟ ಅರ್ಥವನ್ನು ಕೂಡ, ಆ ಶಿಷ್ಯನು ಸಂಭಾಷೆಯ ಉತ್ಸಾಹದಲ್ಲಿ ಸಂತೋಷದಿಂದ ಹೊರಗೆಡಹುತ್ತಾನೆಂದು ಸಂಹಿತಾಕಾರರು ಗುರುತಿಸಿದ್ದಾರೆ. ಗುಟ್ಟಿನ ಗೋಡೆಯನ್ನು ಒಡೆಯುವ ಶಕ್ತಿಯು ಬಲವಂತಕ್ಕಿಂತ ಸ್ನೇಹಕ್ಕೆ ಹೆಚ್ಚಾಗಿದೆಯೆಂಬ ಅರಿವು ಇಲ್ಲಿದೆ.

ಸಂಭಾಷೆಯಲ್ಲಿ ಎರಡು ಬಗೆ. ಒಂದು ಸಂಧಾಯ ಸಂಭಾಷೆ, ಎಂದರೆ ಸ್ನೇಹದಿಂದ ನಡೆಯುವುದು. ಇನ್ನೊಂದು ವಿಗೃಹ್ಯ ಸಂಭಾಷೆ, ಎಂದರೆ ಗೆಲ್ಲುವ ಹಟದಿಂದ ನಡೆಯುವುದು. ಕೋಪವಿಲ್ಲದ, ಅಸೂಯೆಯಿಲ್ಲದ, ತಿಳಿಹೇಳಿದರೆ ಒಪ್ಪುವ ವಿದ್ವಾಂಸನೊಡನೆ ಮೊದಲನೆಯ ಬಗೆಯ ಮಾತುಕತೆಯನ್ನು ನಡೆಸಬೇಕು. ಅವನನ್ನು ನಿರ್ಭಯವಾಗಿ ಕೇಳಬೇಕು, ನಿರ್ಭಯವಾಗಿ ಅವನಿಗೆ ಉತ್ತರಿಸಬೇಕು. ಅವನು ಸೋತರೆ ಹಿಗ್ಗಬಾರದು, ಆ ಸೋಲನ್ನು ಇತರರ ಮುಂದೆ ಸಾರಬಾರದು ಎಂಬ ವಿಧಿಯುಂಟು. ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಪುನರ್ವಸು ಆತ್ರೇಯನ ಎದುರಿಗೆ ಋಷಿಗಳ ಗೋಷ್ಠಿಯೊಂದು ಸೇರುತ್ತದೆ. ಪುರುಷನೂ ರೋಗವೂ ಯಾವುದರಿಂದ ಹುಟ್ಟಿದವು ಎಂಬುದು ಅಲ್ಲಿಯ ಪ್ರಶ್ನೆ. ಬಾಹ್ಲೀಕ ದೇಶದ ಕಾಂಕಾಯನನಿಗೂ ಇಂತಹ ಗೋಷ್ಠಿಗಳಲ್ಲಿ ಸ್ಥಾನವಿತ್ತು. ಒಂದೇ ಪಕ್ಷವನ್ನು ಬಿಗಿಯಾಗಿ ಹಿಡಿದವನು ಗಾಣ ಸುತ್ತುವವನಂತೆ ಸುತ್ತುತ್ತಾನೆಯೇ ಹೊರತು ಎಲ್ಲಿಗೂ ಮುಟ್ಟುವುದಿಲ್ಲವೆಂದು ಆತ್ರೇಯನು ಅಲ್ಲಿ ಎಚ್ಚರಿಸುತ್ತಾನೆ.

ಕನ್ನಡ ನೆಲದಲ್ಲಿಯೂ ವೈದ್ಯಸಭೆಗೆ ಪ್ರಾಚೀನ ಸಾಕ್ಷ್ಯವಿದೆ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ಬರೆದನು. ಚಿಕಿತ್ಸೆಯಲ್ಲಿ ಮಾಂಸವು ಬೇಕಿಲ್ಲವೆಂಬ ತನ್ನ ವಾದವನ್ನು ಅವನು ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಮುಂದೆ ಮಂಡಿಸಿದನೆಂಬುದು ಆ ಗ್ರಂಥದಿಂದಲೇ ತಿಳಿಯುತ್ತದೆ. ಅದೇ ನೃಪತುಂಗನ ದಂಡನಾಯಕ ಬಂಕೇಯನ ಹೆಸರನ್ನು ಹೊತ್ತ ಬಂಕಾಪುರವು ಇಂದಿನ ಹಾವೇರಿ ಜಿಲ್ಲೆಯಲ್ಲಿಯೇ ಇದೆ. ಮುಂದೆ ಕನ್ನಡದಲ್ಲಿಯೇ ವೈದ್ಯಗ್ರಂಥಗಳು ಹುಟ್ಟಿದವು. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಹದಿನಾಲ್ಕನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಇವು ಪ್ರಸಿದ್ಧವಾದವು. ಸಂಸ್ಕೃತ ಬಾರದ ಹಳ್ಳಿಯ ವೈದ್ಯನ ಕೈಗೆ ಶಾಸ್ತ್ರವು ಮುಟ್ಟಲಿ ಎಂಬ ದಯೆ ಈ ಕನ್ನಡ ರಚನೆಗಳ ಹಿಂದಿದೆ. ವಿದ್ಯೆಯನ್ನು ಹಂಚುವುದೂ ಸಹಕಾರದ ಒಂದು ರೂಪವೇ ಸರಿ.

ಮಠ ಮತ್ತು ಮದ್ದು

ಹಿರೇಕೆರೂರಿನ ಸೀಮೆಯನ್ನು ದಾಟಿದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವು ಕಾಳಾಮುಖ ಶೈವಾಚಾರ್ಯರ ಪ್ರಸಿದ್ಧ ವಿದ್ಯಾಕೇಂದ್ರವಾಗಿತ್ತು. ೧೧೬೨ರ ಶಾಸನವೊಂದು ಆ ಮಠವನ್ನು ಬಣ್ಣಿಸುವಾಗ ವೇದ, ವ್ಯಾಕರಣ, ದರ್ಶನ, ಯೋಗಗಳ ಅಧ್ಯಯನವನ್ನು ಹೇಳಿ, ದೀನರಿಗೂ ಅನಾಥರಿಗೂ ಅನ್ನವಿಕ್ಕುವುದನ್ನು ಹೇಳಿ, ಅದರ ಜೊತೆಗೆ ನಾನಾ ರೋಗಿಗಳಿಗೆ ಔಷಧಿ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಅನ್ನ, ಅಕ್ಷರ, ಔಷಧಿ ಈ ಮೂರೂ ಒಂದೇ ಸೂರಿನಡಿಯಲ್ಲಿ ಇದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರವು ಬೇಕಿಲ್ಲ. ಮಠದಲ್ಲಿ ಮದ್ದು ನೀಡುವವನು ಒಂಟಿಯಲ್ಲ. ಅವನ ಪಕ್ಕದಲ್ಲಿ ಶಾಸ್ತ್ರ ಬಲ್ಲವನಿದ್ದಾನೆ, ಯೋಗ ಬಲ್ಲವನಿದ್ದಾನೆ, ರೋಗಿಗೆ ಗಂಜಿ ಕಾಯಿಸುವವನಿದ್ದಾನೆ. ದೇಹವನ್ನೂ ಮನಸ್ಸನ್ನೂ ಆಹಾರವನ್ನೂ ಒಟ್ಟಿಗೆ ನೋಡುವ ಸಮಗ್ರ ಚಿಕಿತ್ಸೆಯೆಂದು ಇಂದು ಕರೆಯುವುದಕ್ಕೆ ಅಂದು ಬೇರೆ ಹೆಸರಿನ ಅಗತ್ಯವಿರಲಿಲ್ಲ.

ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರ ಅನುಭವಗೋಷ್ಠಿಯು ನಡೆಯಿತು. ನೇಕಾರ, ಅಂಬಿಗ, ಮಡಿವಾಳ, ವೈದ್ಯ ಎಲ್ಲರೂ ತಮ್ಮ ತಮ್ಮ ಕಾಯಕದ ಭಾಷೆಯಲ್ಲಿಯೇ ತತ್ತ್ವವನ್ನು ಆಡಿದರು. ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನವರ ಹೆಸರಿನೊಡನೆ ಬೆರೆತಿರುವ ಸ್ಥಳ. ಶರಣಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬುದು ಅವನ ಅಂಕಿತ. ವಾತ, ಪಿತ್ತ, ಶ್ಲೇಷ್ಮಗಳು, ಮೂಲಿಕೆ, ಪಥ್ಯ ಮೊದಲಾದ ವೈದ್ಯವೃತ್ತಿಯ ಮಾತುಗಳು ಅವನ ವಚನಗಳಲ್ಲಿ ಭವರೋಗದ ಚಿಕಿತ್ಸೆಗೆ ಸಂಕೇತಗಳಾಗಿ ಬರುತ್ತವೆ. ಅನುಭವಗೋಷ್ಠಿಗೂ ತದ್ವಿದ್ಯಸಂಭಾಷೆಗೂ ಗುರಿ ಬೇರೆಯಾದರೂ ರೀತಿ ಒಂದೇ. ಎರಡರಲ್ಲಿಯೂ ಒಬ್ಬನ ಅನುಭವವು ಇನ್ನೊಬ್ಬನ ಪರೀಕ್ಷೆಗೆ ಒಳಗಾಗುತ್ತದೆ. ಪರೀಕ್ಷೆಯಲ್ಲಿ ನಿಂತುದು ಎಲ್ಲರ ಸೊತ್ತಾಗುತ್ತದೆ.

ವೀರಶೈವ ಪರಂಪರೆಯ ಇನ್ನೊಂದು ದೊಡ್ಡ ಕಾಣಿಕೆ ‘ಬಸವರಾಜೀಯ’. ಬಸವರಾಜನೆಂಬ ವೀರಶೈವ ವೈದ್ಯನು ರಚಿಸಿದ, ಇಪ್ಪತ್ತೈದು ಪ್ರಕರಣಗಳ ಈ ಗ್ರಂಥವು ಸಂಸ್ಕೃತದಲ್ಲಿದ್ದು ನಡುನಡುವೆ ತೆಲುಗನ್ನು ಬೆರೆಸಿಕೊಂಡಿದೆ. ನಾಡೀಪರೀಕ್ಷೆಗೂ ರಸೌಷಧಿಗಳಿಗೂ ಇದರಲ್ಲಿ ವಿಶೇಷ ಸ್ಥಾನವಿದೆ. ಹಿಂದಿನ ಹಲವು ಗ್ರಂಥಗಳ ಯೋಗಗಳನ್ನು ಆಯ್ದು ಒಂದೆಡೆ ಕೂಡಿಸಿದ ಕೃತಿಯಿದು; ಆದುದರಿಂದ ಇದನ್ನು ಒಬ್ಬ ಲೇಖಕನ ಮೂಲಕ ಮಾತನಾಡುವ ಅನೇಕ ವೈದ್ಯರ ಗೋಷ್ಠಿಯೆಂದರೂ ತಪ್ಪಾಗದು. ಭಾರತದ ಔಷಧಿ ಶಾಸನವು ಪ್ರಮಾಣವೆಂದು ಅಂಗೀಕರಿಸಿದ ಆಯುರ್ವೇದ ಗ್ರಂಥಗಳ ಪಟ್ಟಿಯಲ್ಲಿ ‘ಬಸವರಾಜೀಯ’ದ ಹೆಸರೂ ಇದೆ ಎಂಬುದನ್ನು ಭಕ್ತರು ಹೆಮ್ಮೆಯಿಂದ ನೆನೆಯಬೇಕು.

ನಾಟಿ ವೈದ್ಯರ ನಡುವಿನ ಕೊಡುಕೊಳೆ

ಗ್ರಂಥಗಳ ಕೆಳಗೆ, ಹಳ್ಳಿಗಳಲ್ಲಿ, ಇನ್ನೊಂದು ಪ್ರವಾಹವು ಹರಿಯುತ್ತಿತ್ತು. ಉತ್ತರ ಕರ್ನಾಟಕದ ಜನ ಅದನ್ನು ನಾಟಿ ಔಷಧಿಯೆಂದೂ ಗಾಂವಠಿ ಔಷಧಿಯೆಂದೂ ಕರೆಯುತ್ತಾರೆ. ಎಲುಬು ಕೂಡಿಸುವ ಮನೆತನ, ಕಾಮಾಲೆಗೆ ಮದ್ದು ಕೊಡುವ ಮನೆತನ, ದನಗಳ ರೋಗ ಬಲ್ಲ ಮನೆತನ ಎಂದು ಊರೂರಿಗೆ ವಿದ್ಯೆಯು ಹಂಚಿಹೋಗಿತ್ತು. ಪಂಚಾಂಗ ಹೇಳುವ, ಆಯ್ಯಾಚಾರ ಮಾಡಿಸುವ ಜಂಗಮರಲ್ಲಿ ಅನೇಕರು ಮೂಲಿಕೆಗಳನ್ನೂ ಬಲ್ಲವರಾಗಿದ್ದರು. ಭಿಕ್ಷಾಟನೆಗಾಗಿ ಊರಿಂದೂರಿಗೆ ನಡೆಯುವ ಜಂಗಮನು ಒಂದು ಊರಿನ ಮದ್ದಿನ ಸುದ್ದಿಯನ್ನು ಇನ್ನೊಂದು ಊರಿಗೆ ಒಯ್ಯುವುದು ಸಹಜವಾಗಿತ್ತು. ಸವಣೂರಿನ ನವಾಬರ ಆಳ್ವಿಕೆಯ ನೆರೆಹೊರೆಯಲ್ಲಿ ಹಕೀಮರ ಯುನಾನಿ ಪದ್ಧತಿಗೂ ಮನ್ನಣೆಯಿತ್ತು. ಗುಲ್ಕಂದದಂತಹ ಪದಾರ್ಥಗಳು ವೈದ್ಯನ ಬಾಯಲ್ಲಿಯೂ ಹಕೀಮನ ಬಾಯಲ್ಲಿಯೂ ಒಂದೇ ಹೆಸರಿನಿಂದ ಓಡಾಡಿದವು.

ಈ ವೈದ್ಯರಿಗೆ ಸಂಘವಿರಲಿಲ್ಲ, ದಫ್ತರವಿರಲಿಲ್ಲ. ಆದರೆ ಸೇರುವ ಸ್ಥಳಗಳಿದ್ದವು. ವಾರದ ಸಂತೆ, ಗ್ರಂಧಿಗೆ ಅಂಗಡಿಯ ಜಗಲಿ, ಮಠದ ಜಾತ್ರೆ ಈ ಮೂರು ಮುಖ್ಯವಾದವು. ಅಂಗಡಿಯವನಿಗೆ ಯಾವ ವೈದ್ಯನು ಯಾವ ಮೂಲಿಕೆಯನ್ನು ಎಷ್ಟು ಒಯ್ಯುತ್ತಾನೆಂಬುದು ತಿಳಿದಿರುತ್ತಿತ್ತು. ಆದುದರಿಂದ ಅವನೇ ಒಬ್ಬ ವೈದ್ಯನಿಗೂ ಇನ್ನೊಬ್ಬನಿಗೂ ನಡುವಿನ ಸೇತುವೆ. ಹಾವೇರಿಯ ಹುಕ್ಕೇರಿಮಠ, ಬ್ಯಾಡಗಿಯ ಮುಪ್ಪಿನಮಠಗಳಂತಹ ಧರ್ಮಕೇಂದ್ರಗಳು ಸುತ್ತಲಿನ ಹಳ್ಳಿಗಳ ಭಕ್ತರನ್ನು ಒಂದೆಡೆ ಸೇರಿಸುತ್ತ ಬಂದಿವೆ. ದಾಸೋಹದ ಪಂಕ್ತಿಯಲ್ಲಿ ಪಕ್ಕಪಕ್ಕದಲ್ಲಿ ಕುಳಿತವರ ಮಾತು ಬೆಳೆಯಿಂದ ದನಕ್ಕೂ ದನದಿಂದ ಮದ್ದಿಗೂ ಹೊರಳುವುದು ಹಳ್ಳಿಯ ಜೀವನವನ್ನು ಬಲ್ಲವರಿಗೆ ಹೊಸದಲ್ಲ.

ಈ ಕೊಡುಕೊಳೆಯ ಲಿಖಿತ ಸಾಕ್ಷ್ಯವು ಹಸ್ತಪ್ರತಿಗಳಲ್ಲಿದೆ. ಕನ್ನಡದ ಓಲೆಗರಿ ಹಾಗೂ ಕಾಗದದ ಕಟ್ಟುಗಳಲ್ಲಿ ಕರ್ತೃವಿನ ಹೆಸರಿಲ್ಲದ ವೈದ್ಯಸಂಗ್ರಹಗಳು ವಿಪುಲವಾಗಿವೆ. ಒಂದೇ ಕಟ್ಟಿನಲ್ಲಿ ಹಲವರ ಕೈಬರಹ, ಗದ್ಯದ ಮಗ್ಗುಲಲ್ಲಿ ಪದ್ಯ, ಔಷಧಿಯ ಮಗ್ಗುಲಲ್ಲಿ ಮಂತ್ರ, ಮನುಷ್ಯವೈದ್ಯದ ಮಗ್ಗುಲಲ್ಲಿ ಪಶುವೈದ್ಯ. ಅಂದವಾದ ಗ್ರಂಥವನ್ನು ಹುಡುಕುವ ಸಂಪಾದಕನಿಗೆ ಇವು ಬೇಸರ ತರಬಹುದು. ಆದರೆ ಇತಿಹಾಸಕಾರನಿಗೆ ಈ ಬೆರಕೆಯೇ ಮುಖ್ಯ. ಒಬ್ಬನು ಕಂಡುದನ್ನು ಇನ್ನೊಬ್ಬನು ಬರೆದುಕೊಂಡನು, ಮೂರನೆಯವನು ಅದಕ್ಕೆ ತನ್ನದನ್ನು ಸೇರಿಸಿದನು ಎಂಬುದಕ್ಕೆ ಆ ಹಲವು ಕೈಬರಹಗಳೇ ರುಜು.

ಇದಕ್ಕೆ ವಿರುದ್ಧವಾದ ಬಲವೂ ಇತ್ತೆಂಬುದನ್ನು ಮರೆಮಾಚಬಾರದು. ಮದ್ದಿನ ಹೆಸರನ್ನು ಹೊರಗೆ ಹೇಳಿದರೆ ಅದರ ಗುಣ ಹೋಗುತ್ತದೆಂಬ ನಂಬಿಕೆಯು ಜನಪದದಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆಗೆ ಕಾರಣಗಳಿಲ್ಲದೆ ಇಲ್ಲ. ಅರೆಬರೆ ಕಲಿತವನ ಕೈಗೆ ವಿಷಮೂಲಿಕೆ ಸಿಗಬಾರದು, ಮೂಲಿಕೆಯಿರುವ ಜಾಗವು ಎಲ್ಲರಿಗೂ ತಿಳಿದು ಗಿಡವೇ ನಾಶವಾಗಬಾರದು, ಮನೆತನದ ಮರ್ಯಾದೆ ಕುಂದಬಾರದು ಎಂಬ ಎಣಿಕೆಗಳು ಅದರಲ್ಲಿ ಅಡಗಿವೆ. ಆದರೆ ಫಲವು ಅನೇಕ ವೇಳೆ ದುಃಖಕರವಾಯಿತು. ಮಗನು ಪಟ್ಟಣಕ್ಕೆ ನೌಕರಿಗೆ ಹೋದನು. ತಂದೆಯು ಗುಟ್ಟನ್ನು ಎದೆಯಲ್ಲಿಟ್ಟುಕೊಂಡೇ ಶಿವಾಧೀನನಾದನು. ಒಂದು ಮನೆತನದ ವಿದ್ಯೆಯು ಒಂದೇ ದಿನದಲ್ಲಿ ಮಣ್ಣಾಯಿತು. ದಾಸೋಹದ ತತ್ತ್ವವನ್ನು ಅನ್ನಕ್ಕೆ ಅನ್ವಯಿಸಿದ ಸಮಾಜವು ಅದನ್ನು ಮದ್ದಿನ ಜ್ಞಾನಕ್ಕೆ ಪೂರ್ಣವಾಗಿ ಅನ್ವಯಿಸಲಿಲ್ಲವೆಂಬುದು ವಿಷಾದದ ಸಂಗತಿ.

ಈ ಗುಟ್ಟಿನ ಕಟ್ಟು ಸಡಿಲವಾಗಿದ್ದುದು ಹೆಂಗಸರಲ್ಲಿ. ಸೂಲಗಿತ್ತಿಯರು ಒಬ್ಬರ ಜೊತೆಗೆ ಒಬ್ಬರು ಹೋಗಿ, ಕಂಡು, ಕೈಜೋಡಿಸಿ ಕಲಿತವರು. ಕಷ್ಟದ ಹೆರಿಗೆಯಲ್ಲಿ ನೆರೆಯೂರಿನ ಹಿರಿಯಳನ್ನು ಕರೆಸಲು ಅವರಿಗೆ ನಾಚಿಕೆಯಿರಲಿಲ್ಲ. ಬಾಣಂತಿಯ ಪಥ್ಯ, ಕೂಸಿನ ಬಜೆ, ನೆಗಡಿಯ ಕಷಾಯಗಳು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಯಾವ ಪ್ರತಿಜ್ಞೆಯೂ ಇಲ್ಲದೆ ಇಳಿದವು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆತಾಗ ಗೌರವ ಸಂದುದು ಒಬ್ಬರಿಗೆ ಮಾತ್ರವಲ್ಲ, ಯಾವ ದಾಖಲೆಯಲ್ಲಿಯೂ ಹೆಸರಿಲ್ಲದ ಈ ಇಡೀ ಬಳಗಕ್ಕೆ.

ಸಂಘಯುಗ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗವು ಈ ಸೀಮೆಗೆ ಸುಖದ ಕಾಲವಾಗಿರಲಿಲ್ಲ. ೧೮೭೬–೭೮ರ ಬರ, ಅನಂತರ ಪ್ಲೇಗು ಬಂದವು. ೧೮೯೮ರ ಹೊತ್ತಿಗೆ ಹುಬ್ಬಳ್ಳಿ ಧಾರವಾಡಗಳಲ್ಲಿ ಪ್ಲೇಗಿನ ಹಾವಳಿಯು ಭೀಕರವಾಗಿತ್ತು; ಹಾಫ್ಕಿನರ ಚುಚ್ಚುಮದ್ದನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಊರು ಬಿಟ್ಟು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಅದೇ ದಶಕಗಳಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲುದಾರಿಯು ತೆರೆಯಿತು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದೇ ಹಳಿಯ ಮೇಲಿನ ಮಣಿಗಳಾದವು. ರೋಗವು ರೈಲಿನಲ್ಲಿ ಬರುವಂತೆ ಸುದ್ದಿಯೂ ಪತ್ರಿಕೆಯೂ ಸಿದ್ಧೌಷಧಿಯೂ ರೈಲಿನಲ್ಲಿಯೇ ಬಂದವು. ಹಳ್ಳಿಯ ವೈದ್ಯನು ತಾನು ಒಂಟಿಯಾಗಿ ನಿಲ್ಲಲಾರೆನೆಂದು ತಿಳಿದುಕೊಳ್ಳುವ ಕಾಲವು ಬಂದಿತ್ತು.

ಇದು ದೇಶದಲ್ಲೆಲ್ಲ ಸಂಘಗಳು ಹುಟ್ಟಿದ ಕಾಲ. ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ೧೮೬೭ರಲ್ಲಿ ಜನಿಸಿದ ಪೂಜ್ಯ ಹಾನಗಲ್ಲ ಕುಮಾರ ಮಹಾಶಿವಯೋಗಿಗಳು ೧೯೦೪ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಹುಟ್ಟಿಗೆ ಕಾರಣರಾದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು ಅದರ ಅಧ್ಯಕ್ಷತೆ ವಹಿಸಿದರು. ೧೯೦೭ರಲ್ಲಿ ನಾಸಿಕದಲ್ಲಿ ಶಂಕರ ದಾಜಿ ಶಾಸ್ತ್ರಿ ಪದೆಯವರ ಪ್ರಯತ್ನದಿಂದ ಅಖಿಲ ಭಾರತ ಆಯುರ್ವೇದ ಸಮ್ಮೇಳನವು ಆರಂಭವಾಯಿತು. ೧೯೦೮ರಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಸ್ಥಾಪನೆಯಾಯಿತು. ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವು ತಲೆಯೆತ್ತಿತು. ಐದು ವರ್ಷಗಳ ಒಳಗೆ ನಡೆದ ಈ ನಾಲ್ಕು ಘಟನೆಗಳು ಬೇರೆ ಬೇರೆ ಬಾಯಿಂದ ಒಂದೇ ಮಾತನ್ನು ನುಡಿದವು: ಚದುರಿದ ವಿದ್ಯೆಗೆ ಉಳಿವಿಲ್ಲ, ಕೂಡಿದರೆ ಬಾಳುವುದು. ಯೋಗಸಾಧನೆ, ಗೋಶಾಲೆ, ವಿಭೂತಿ ನಿರ್ಮಾಣ, ಮಿತಾಹಾರಗಳನ್ನು ಮಠಾಧಿಪತಿಗಳ ಶಿಕ್ಷಣದ ಅಂಗವನ್ನಾಗಿಸಿದ ಶಿವಯೋಗಮಂದಿರವು ದೇಹವನ್ನು ಕಡೆಗಣಿಸುವ ವೈರಾಗ್ಯವನ್ನು ಕಲಿಸಲಿಲ್ಲ. ಅಲ್ಲಿ ಕಲಿತ ಸಾಧಕರು ನಾಡಿನ ಮಠಗಳಿಗೆ ಹೋಗಿ ನಿಂತಾಗ, ಒಂದೇ ಶಿಸ್ತಿನಲ್ಲಿ ಪಳಗಿದ ಗುರುಬಂಧುಗಳ ಬಳಗವು ತಾನಾಗಿ ಏರ್ಪಟ್ಟಿತು.

ಶಾಸನ ಮತ್ತು ಪಟ್ಟಿ

ಸಂಘ ಕಟ್ಟುವುದಕ್ಕೆ ಇನ್ನೊಂದು ಬಲವಾದ ಕಾರಣವನ್ನು ಒದಗಿಸಿದುದು ಸರಕಾರ. ೧೯೧೨ರ ಮುಂಬಯಿ ವೈದ್ಯಕೀಯ ಶಾಸನವು ಪಾಶ್ಚಾತ್ಯ ವೈದ್ಯರನ್ನು ಮಾತ್ರ ನೋಂದಾಯಿಸಿತು. ವೈದ್ಯರೂ ಹಕೀಮರೂ ಅದರ ಹೊರಗೆ ಉಳಿದರು. ದೇಶೀಯ ವೈದ್ಯರ ಸಮ್ಮೇಳನಗಳು ನಿರಂತರವಾಗಿ ಒತ್ತಾಯಿಸಿದ ಮೇಲೆ ೧೯೩೮ರ ಮುಂಬಯಿ ವೈದ್ಯವೃತ್ತಿ ಶಾಸನವು ಬಂದಿತು. ಭಾರತೀಯ ವೈದ್ಯಪದ್ಧತಿಗಳಿಗೆ ಮಂಡಳಿಯನ್ನೂ ನೋಂದಣಿಯನ್ನೂ ಒದಗಿಸಿದ ದೇಶದ ಮೊದಲ ಶಾಸನಗಳಲ್ಲಿ ಇದೂ ಒಂದು. ಪರೀಕ್ಷೆ ಪಾಸು ಮಾಡದವರಿಗೂ ದೀರ್ಘಕಾಲದ ವೃತ್ತಿಯ ಆಧಾರದಿಂದ ಪಟ್ಟಿಯಲ್ಲಿ ಸೇರಲು ಆಗ ಅವಕಾಶವಿತ್ತು. ಹಾವೇರಿ ಸೀಮೆಯ ವೈದ್ಯರು ಮುಂಬಯಿ ಆಡಳಿತದಲ್ಲಿದ್ದುದರಿಂದ ಈ ಶಾಸನವು ಅವರಿಗೆ ಅನ್ವಯಿಸಿತು.

ಇಲ್ಲಿಯೇ ಪರಸ್ಪರ ನೆರವಿನ ಬೆಲೆಯು ಸ್ಪಷ್ಟವಾಗುತ್ತದೆ. ಅರ್ಜಿ ಬರೆಯಬಲ್ಲವನು, ಸುದ್ದಿ ಓದಬಲ್ಲವನು, ಪಟ್ಟಣದ ವೈದ್ಯರ ಸಂಪರ್ಕವಿದ್ದವನು ಪಟ್ಟಿಗೆ ಸೇರಿದನು. ಅಕ್ಷರ ಬಾರದ ಎಲುಬಿನ ವೈದ್ಯನೂ ಸೂಲಗಿತ್ತಿಯೂ ಸೇರಲಿಲ್ಲ. ರಾಜ್ಯಗಳು ಒಂದಾದ ಮೇಲೆ ೧೯೬೧ರ ಶಾಸನವು ಇಡೀ ರಾಜ್ಯಕ್ಕೆ ಆಯುರ್ವೇದ ಹಾಗೂ ಯುನಾನಿ ವೈದ್ಯರ ನೋಂದಣಿಯನ್ನು ವಿಧಿಸಿತು. ೧೯೭೦ರ ಭಾರತೀಯ ವೈದ್ಯಪದ್ಧತಿ ಕೇಂದ್ರೀಯ ಪರಿಷತ್ತಿನ ಶಾಸನವು ಪದವಿಯಿಲ್ಲದಿದ್ದರೂ ಆಗಲೇ ರಾಜ್ಯದ ಪಟ್ಟಿಯಲ್ಲಿದ್ದವರ ಹಕ್ಕನ್ನು ಕಾಪಾಡಿತು. ಪಟ್ಟಿಯೇ ಇಲ್ಲದ ರಾಜ್ಯಗಳಲ್ಲಿ ಐದು ವರ್ಷ ವೃತ್ತಿ ಮಾಡಿದವರಿಗೂ ರಕ್ಷಣೆ ನೀಡಿತು. ಆದರೆ ಈ ಸೀಮೆಯಲ್ಲಿ ಪಟ್ಟಿಯು ಮೊದಲೇ ಇದ್ದಿತು. ಆದುದರಿಂದ ಅದಕ್ಕೆ ಸೇರದೆ ಉಳಿದವರಿಗೆ ಆ ಎರಡನೆಯ ರಕ್ಷಣೆಯೂ ದೊರೆಯಲಿಲ್ಲ. ಸುಧಾರಣೆಯನ್ನು ಮೊದಲು ಕಂಡ ನಾಡಿನ ನಿರಕ್ಷರ ವೈದ್ಯನು ಅದರಿಂದಲೇ ಹೊರಗೆ ಬಿದ್ದನು.

ಇನ್ನೊಂದು ಕಡೆಗೆ ಕಾಲೇಜುಗಳು ಬೆಳೆದವು. ಬೆಳಗಾವಿಯಲ್ಲಿ ೧೯೩೩ರಲ್ಲಿ ಆರಂಭವಾಗಿ ಇಂದು ಬಿ. ಎಂ. ಕಂಕಣವಾಡಿಯವರ ಹೆಸರನ್ನು ಹೊತ್ತಿರುವ ಆಯುರ್ವೇದ ಮಹಾವಿದ್ಯಾಲಯ, ಗದಗಿನ ಡಿ. ಜಿ. ಮೇಲ್ಮಾಳಗಿ ಆಯುರ್ವೇದ ಮಹಾವಿದ್ಯಾಲಯ, ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಮಠದ ಆಶ್ರಯದ ವಿದ್ಯಾಲಯಗಳು ಈ ಭಾಗದ ತರುಣರನ್ನು ಪದವೀಧರ ವೈದ್ಯರನ್ನಾಗಿ ರೂಪಿಸಿದವು. ಮಠಗಳೂ ದಾನಿಗಳೂ ಕೂಡಿ ಮಾಡಿದ ಈ ಕಾರ್ಯವು ಸ್ತುತ್ಯವ��ದುದು. ಪದವೀಧರರಿಗೆ ತಮ್ಮದೇ ಸಂಘಗಳು, ಸಮ್ಮೇಳನಗಳು, ಪತ್ರಿಕೆಗಳು ಉಂಟಾದವು. ಕೇಂದ್ರದಲ್ಲಿ ೧೯೯೫ರಲ್ಲಿ ಪ್ರತ್ಯೇಕ ಇಲಾಖೆ, ೨೦೧೪ರಲ್ಲಿ ಆಯುಷ್ ಸಚಿವಾಲಯ, ೨೦೨೦ರ ಶಾಸನದಿಂದ ರಾಷ್ಟ್ರೀಯ ಆಯೋಗ ಬಂದವು. ಆದರೆ ಪದವೀಧರನಿಗೂ ಪಾರಂಪರಿಕನಿಗೂ ನಡುವೆ ಕಂದಕವೂ ಅಗಲವಾಗುತ್ತ ಹೋಯಿತು. ಒಬ್ಬನಿಗೆ ಸಂಹಿತೆಯ ಶ್ಲೋಕ ಬಾಯಿಪಾಠ, ಗಿಡದ ಗುರುತಿಲ್ಲ. ಇನ್ನೊಬ್ಬನಿಗೆ ಗಿಡದ ಗುರುತುಂಟು, ಶ್ಲೋಕವಿಲ್ಲ. ಇಬ್ಬರೂ ಕೂಡಿದರೆ ಒಬ್ಬ ಪೂರ್ಣ ವೈದ್ಯ.

ಪಾರಂಪರಿಕರ ಪರಿಷತ್ತು

ಹೊರಗುಳಿದವರನ್ನು ಕೂಡಿಸುವ ಯತ್ನವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮೊದಲಾಯಿತು. ೧೯೯೩ರಲ್ಲಿ ಬೆಂಗಳೂರಿನಲ್ಲಿ ದರ್ಶನ್ ಶಂಕರ್ ಅವರ ನೇತೃತ್ವದಲ್ಲಿ ಸ್ಥಾಪಿತವಾದ ಸ್ಥಳೀಯ ಆರೋಗ್ಯ ಸಂಪ್ರದಾಯಗಳ ಪುನಶ್ಚೇತನ ಪ್ರತಿಷ್ಠಾನವು ಔಷಧೀಯ ಸಸ್ಯಗಳ ರಕ್ಷಣೆಯನ್ನೂ ಜನಪದ ವೈದ್ಯರ ಜ್ಞಾನದ ದಾಖಲೆಯನ್ನೂ ಕೈಗೊಂಡಿತು. ತಾಲ್ಲೂಕು, ಜಿಲ್ಲೆಗಳ ಮಟ್ಟದಲ್ಲಿ ಪಾರಂಪರಿಕ ವೈದ್ಯರ ಸಂಘಗಳು ಏರ್ಪಟ್ಟವು. ಅವುಗಳ ಮೇಲೆ ರಾಜ್ಯಮಟ್ಟದ ಪಾರಂಪರಿಕ ವೈದ್ಯ ಪರಿಷತ್ತು ರೂಪುಗೊಂಡಿತು. ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಬಾಳಿದವರ ಮಕ್ಕಳು ಒಂದೇ ಜಮಖಾನೆಯ ಮೇಲೆ ಕುಳಿತು, ಈ ಗಿಡಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ, ಇದರ ಬೇರನ್ನು ಎಷ್ಟು ದಿನ ಕೊಡುತ್ತೀರಿ ಎಂದು ಕೇಳತೊಡಗಿದರು. ಚರಕಸಂಹಿತೆಯ ಸಂಧಾಯ ಸಂಭಾಷೆಯು ಹಳ್ಳಿಯ ನುಡಿಯಲ್ಲಿ ಮರುಹುಟ್ಟು ಪಡೆದಂತಾಯಿತು. ೨೦೦೨ರ ಜೀವವೈವಿಧ್ಯ ಶಾಸನವೂ ದೇಶೀಯ ಚಿಕಿತ್ಸೆ ಮಾಡುವ ವೈದ್ಯ ಹಕೀಮರನ್ನು ನೆನೆದು ಮೂಲಿಕೆಗಳ ಬಳಕೆಯಲ್ಲಿ ಅವರಿಗೆ ವಿನಾಯಿತಿ ನೀಡಿತು. ತಮ್ಮ ರೋಗಿಗಳಿಗಾಗಿ ತಾವೇ ಮದ್ದು ತಯಾರಿಸುವ ವೈದ್ಯರಿಗೆ ಔಷಧಿ ಶಾಸನದಲ್ಲಿಯೂ ತಯಾರಿಕೆಯ ಪರವಾನಗಿಯಿಂದ ವಿನಾಯಿತಿ ಇದೆ.

ಆದರೆ ಚಿಕಿತ್ಸೆ ಮಾಡುವ ಹಕ್ಕಿನ ಪ್ರಶ್ನೆ ಬೇರೆಯೇ. ಕರ್ನಾಟಕದಲ್ಲಿ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಶಾಸನವು ನೋಂದಣಿಯನ್ನು ಬಿಗಿಗೊಳಿಸಿತು. ೨೦೧೮ರ ಏಪ್ರಿಲ್ ೧೩ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದ ಪಾರಂಪರಿಕ ವೈದ್ಯರ ಸಂಘವೊಂದು ಹೂಡಿದ್ದ ದಾವೆಯಲ್ಲಿ, ಮಾನ್ಯವಾದ ಅರ್ಹತೆಯೂ ನೋಂದಣಿಯೂ ಇಲ್ಲದವರು ವೈದ್ಯವೃತ್ತಿ ಮಾಡುವಂತಿಲ್ಲವೆಂದು ತೀರ್ಪು ನೀಡಿತು. ತಲೆಮಾರುಗಳಿಂದ ಬಂದ ವಿದ್ಯೆಯೆಂಬುದು ಅದಕ್ಕೆ ಸಾಕಾದ ಉತ್ತರವಾಗಲಿಲ್ಲ. ನ್ಯಾಯಾಲಯದ ಮುಂದಿದ್ದ ಆತಂಕವು ರೋಗಿಯ ಪ್ರಾಣದ್ದು. ಪಾರಂಪರಿಕನ ಮುಂದಿರುವ ಆತಂಕವು ವಿದ್ಯೆಯ ಪ್ರಾಣದ್ದು. ಎರಡನ್ನೂ ಹಗುರವಾಗಿ ಕಾಣುವಂತಿಲ್ಲ.

ಆದುದರಿಂದ ವೈದ್ಯರ ಸಂಘವು ವೃತ್ತಿಯ ಹಿತರಕ್ಷಣೆಗೆ ಮಾತ್ರ ನಿಂತರೆ ಅದು ಅರ್ಧ ಕಾರ್ಯ. ತನ್ನವರ ತಪ್ಪನ್ನು ತಾನೇ ತಿದ್ದುವುದು ಉಳಿದ ಅರ್ಧ. ಸಾಧ್ಯ, ಕಷ್ಟಸಾಧ್ಯ, ಅಸಾಧ್ಯ ಎಂದು ರೋಗಗಳನ್ನು ವಿಂಗಡಿಸಿ, ಅಸಾಧ್ಯವನ್ನು ಮುಟ್ಟುವ ವೈದ್ಯನು ವಿದ್ಯೆಗೂ ಯಶಸ್ಸಿಗೂ ಹಾನಿ ತರುತ್ತಾನೆಂದು ಶಾಸ್ತ್ರವೇ ಎಚ್ಚರಿಸಿದೆ. ನಾಗರಹಾವು ಕಚ್ಚಿದವನಿಗೆ ಇಂದು ಪ್ರಾಣ ಉಳಿಸುವ ಮದ್ದು ಆಸ್ಪತ್ರೆಯಲ್ಲಿರುವ ಪ್ರತಿವಿಷ. ಮಂಗರಾಜನನ್ನು ಗೌರವಿಸುವುದೆಂದರೆ ರೋಗಿಯನ್ನು ಬೇರಿನ ರಸಕ್ಕಾಗಿ ತಡೆದು ನಿಲ್ಲಿಸುವುದಲ್ಲ, ತಡವಿಲ್ಲದೆ ಅಲ್ಲಿಗೆ ಸಾಗಿಸುವುದು. ಸರಿಯಾಗಿ ಶೋಧಿಸದ ಪಾದರಸ, ಸೀಸಗಳ ಭಸ್ಮವು ಮೂತ್ರಪಿಂಡಕ್ಕೂ ನರಗಳಿಗೂ ವಿಷವೆಂಬುದು ಪರೀಕ್ಷೆಗಳಿಂದ ತಿಳಿದ ಸತ್ಯ. ಇದನ್ನು ಹೊರಗಿನ ಅಧಿಕಾರಿಯು ಹೇಳಿದರೆ ವೈದ್ಯನು ಸಿಡಿಮಿಡಿಗೊಳ್ಳುವನು. ತನ್ನಂತೆಯೇ ಮೂಲಿಕೆ ಅರೆಯುವ ಒಡನಾಡಿಯು ಸಂಧಾಯ ಸಂಭಾಷೆಯಲ್ಲಿ ಹೇಳಿದರೆ ಕೇಳುವನು. ಸಮಾನವೃತ್ತಿಯವರ ಬಳಗಕ್ಕಿರುವ ನಿಜವಾದ ಶಕ್ತಿಯು ಇದೇ. ತನಗೆ ತಿಳಿಯದೆಂದು ನಾಚದೆ ಹೇಳಬಲ್ಲ ಸ್ಥಳವು ವೈದ್ಯನಿಗೆ ಬೇಕು; ಅದು ದೊರೆಯದಿದ್ದಾಗ ತಿಳಿಯದುದನ್ನೂ ತಿಳಿದವನಂತೆ ನಟಿಸುತ್ತಾನೆ, ಅದರ ದಂಡವನ್ನು ರೋಗಿಯು ತೆರುತ್ತಾನೆ.

ಈ ಕಾರ್ಯಕ್ಕೆ ಹಾವೇರಿ ಸೀಮೆಯಲ್ಲಿ ಸಾಧನಗಳ ಕೊರತೆಯಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಜನಪದ ವೈದ್ಯದ ದಾಖಲೆಗೆ ತಕ್ಕ ನೆಲೆ. ಮಠಗಳ ಬಳಿ ಹಸ್ತಪ್ರತಿಗಳೂ ಜಮೀನುಗಳೂ ಇವೆ. ಆ ಜಮೀನಿನ ಒಂದು ಮೂಲೆಯಲ್ಲಿ ಮೂಲಿಕಾವನವು ಬೆಳೆದರೆ, ಕಾಡನ್ನು ಬರಿದು ಮಾಡದೆ ಬಯಲಿನ ವೈದ್ಯನಿಗೆ ಮದ್ದು ದೊರೆಯುವುದು. ವರ್ಷಕ್ಕೊಮ್ಮೆ ಜಾತ್ರೆಯ ಒಂದು ದಿನವನ್ನು ಪದವೀಧರ ವೈದ್ಯರೂ ಪಾರಂಪರಿಕರೂ ಸೂಲಗಿತ್ತಿಯರೂ ಕೂಡುವ ಗೋಷ್ಠಿಗೆ ಮೀಸಲಿಟ್ಟರೆ, ಬಳ್ಳಿಗಾವೆಯ ಮಠವು ಎಂಟುನೂರು ವರ್ಷಗಳಿಗೂ ಹಿಂದೆ ತೋರಿದ ದಾರಿಯು ಮತ್ತೆ ತೆರೆಯುವುದು.

ಅನ್ನವನ್ನು ಹಂಚಿದರೆ ಉಗ್ರಾಣವು ತುಸುವಾದರೂ ಕರಗುತ್ತದೆ. ಅರಿವನ್ನು ಹಂಚಿದರೆ ಕೊಟ್ಟವನ ಭಂಡಾರವು ಕರಗುವುದಿಲ್ಲ. ಪಡೆದವನ ಪ್ರಶ್ನೆಯಿಂದ ಅದು ಹೆಚ್ಚುತ್ತದೆ. ಮದ್ದನ್ನು ಹೇಳಿದರೆ ಗುಣ ಹೋಗುತ್ತದೆಂಬ ಹಳೆಯ ಭೀತಿಗೆ ದಾಸೋಹ ಧರ್ಮವು ಕೊಡಬಹುದಾದ ಉತ್ತರವಿದು. ಹೇಳದೆ ಉಳಿದ ಮದ್ದು ಹೇಳದವನೊಂದಿಗೇ ಮಣ್ಣಾಗುವುದನ್ನು ಈ ಸೀಮೆಯು ಸಾಕಷ್ಟು ಕಂಡಿದೆ.